ನೂಕಿದರು

ಚಕ್ರಪಾಣಿ ರಾಯರು ಮಂಗಳೂರಿನ ಒಂದು ಕೋರ್ಟಿನಲ್ಲಿ ಹನ್ನೊಂದು ವರ್ಷ ದುಭಾಷಿಯಾಗಿದ್ದರು. ಸಾಕ್ಷಿಗಳು ತುಳುವಿನಲ್ಲಿ ಹೇಳಿದ್ದನ್ನು ಜಡ್ಜರಿಗೆ ಇಂಗ್ಲಿಷಿನಲ್ಲಿ ಹೇಳುವುದು, ಜಡ್ಜರು ಕೇಳಿದ್ದನ್ನು ಸಾಕ್ಷಿಗಳಿಗೆ ತುಳುವಿನಲ್ಲಿ ಕೇಳುವುದು, ಇಷ್ಟೇ ಅವರ ಉದ್ಯೋಗ. ಆ ಹನ್ನೊಂದು ವರ್ಷಗಳಲ್ಲಿ ಅವರು ದೊಡ್ಡದಾಗಿ ತಪ್ಪಿದ್ದು ಒಂದೇ ಒಂದು ಶಬ್ದದಲ್ಲಿ.

ಅದು ೧೯೩೪ರ ಫೆಬ್ರವರಿ. ನೇತ್ರಾವತಿಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ತುಕ್ರನೆಂಬ ಆಳು ಅಟ್ಟದಿಂದ ಬಿದ್ದು ಸತ್ತಿದ್ದ. ಹಸಿ ಹಂಚುಗಳನ್ನು ಒಣಗಲು ಇಡುವ ಆ ಅಟ್ಟ ಮೂರಾಳು ಎತ್ತರದಲ್ಲಿತ್ತು. ಕೆಳಗೆ ಮುರಕಲ್ಲಿನ ನೆಲ. ಇನ್ನೂ ಕಾವು ಆರದ ಭಟ್ಟಿಯೊಳಗೆ ನುಗ್ಗಿ ಹಂಚು ತೆಗೆಯಬೇಕೆಂದು ಮೇಸ್ತ್ರಿ ನೋಣಯ್ಯ ಹೇಳಿದ್ದ. ಹಿಂದಿನ ತಿಂಗಳು ಹಾಗೆ ನುಗ್ಗಿದ ಇಬ್ಬರ ಕಾಲು ಸುಟ್ಟಿದ್ದರಿಂದ ತುಕ್ರ ಒಪ್ಪಿರಲಿಲ್ಲ. ಮಾತಿಗೆ ಮಾತು ಬೆಳೆದು ನೋಣಯ್ಯ ಅವನನ್ನು ಅಟ್ಟದ ಅಂಚಿನಿಂದ ನೂಕಿದನೆಂದು ಪೊಲೀಸರು ಕೇಸು ಹಾಕಿದರು. ಆಗ ಅಟ್ಟದ ಮೇಲೆ ಇನ್ನೂ ಏಳು ಮಂದಿ ಇದ್ದರು. ಅವರಲ್ಲಿ ಆರು ಮಂದಿ, ಕೆಲಸ ಹೋದೀತೆಂಬ ಹೆದರಿಕೆಯಿಂದ, ತಾವು ಏನನ್ನೂ ನೋಡಲಿಲ್ಲ ಎಂದರು. ಏಳನೆಯವಳು ತುಕ್ರನ ಹೆಂಡತಿ ದೇಯಿ.

ದೇಯಿ ಸಾಕ್ಷಿಯ ಕಟಕಟೆಯಲ್ಲಿ ನೆಟ್ಟಗೆ ನಿಂತಳು. ಎಲ್ಲವನ್ನೂ ಒಂದೊಂದಾಗಿ ಹೇಳಿದಳು. "ಅಂಚಿಗೆ ಬಂದಾಗ ಏನಾಯಿತು?" ಎಂದು ಕೇಳಿದಾಗ ತುಳುವಿನಲ್ಲಿ ಒಂದೇ ಶಬ್ದ ಹೇಳಿದಳು; ಕನ್ನಡದಲ್ಲಾದರೆ ಅದು, ನೂಕಿದರು. ತುಳುವಿನಲ್ಲೂ ಕನ್ನಡದ ಹಾಗೆಯೇ ಗೌರವದಿಂದ ಒಬ್ಬನನ್ನು ಹೇಳಿದರೂ, ಹಲವರನ್ನು ಹೇಳಿದರೂ ಮಾತು ಒಂದೇ. ಹತ್ತು ವರ್ಷ ಮೇಸ್ತ್ರಿಯ ಮುಂದೆ ತಲೆ ತಗ್ಗಿಸಿ ದುಡಿದವಳ ಬಾಯಲ್ಲಿ, ಗಂಡನನ್ನು ಕೊಂದವನ ಬಗ್ಗೆಯೂ ಏಕವಚನ ಬರಲಿಲ್ಲ. ರಾಯರಿಗೆ ಅದು ಹೊಳೆಯಲಿಲ್ಲ. ಜಡ್ಜರು ಗಡಿಯಾರ ನೋಡುತ್ತಿದ್ದರು. ರಾಯರು ಇಂಗ್ಲಿಷಿನಲ್ಲಿ ಹಲವರು ಸೇರಿ ನೂಕಿದರು ಎಂಬ ಅರ್ಥ ಬರುವಂತೆ ಹೇಳಿಬಿಟ್ಟರು.

ಹೇಳಿದ ಮರುಗಳಿಗೆಯಲ್ಲೇ ತಪ್ಪು ಗೊತ್ತಾಯಿತು. ಎದ್ದು ತಿದ್ದಬಹುದಿತ್ತು. ಆದರೆ ಹಿಂದಿನ ವಾರ ಬೇರೊಂದು ಕೇಸಿನಲ್ಲಿ ಸಣ್ಣ ತಿದ್ದುಪಡಿ ಮಾಡಿದ್ದಕ್ಕೆ ಜಡ್ಜರು ತುಂಬಿದ ಕೋರ್ಟಿನಲ್ಲಿ ಗದರಿಸಿದ್ದರು. ರಾಯರು ಸುಮ್ಮನಿದ್ದರು. ಅಷ್ಟರಲ್ಲಿ ನೋಣಯ್ಯನ ವಕೀಲರು ಎದ್ದು ನಿಂತಿದ್ದರು. ಪೊಲೀಸರ ಮುಂದೆ ಹೇಳಿದ್ದು ಒಬ್ಬನನ್ನು, ಕೋರ್ಟಿನಲ್ಲಿ ಹಲವರನ್ನು. ಇಂಥ ಸಾಕ್ಷಿಯನ್ನು ನಂಬುವುದು ಹೇಗೆ ಎಂದು ಕೇಳಿದರು. ನಾಲ್ಕು ದಿನಗಳ ಮೇಲೆ ನೋಣಯ್ಯ ಬಿಡುಗಡೆಯಾದ.

ಕೋರ್ಟಿನ ಜಗಲಿಯಲ್ಲಿ ದೇಯಿ ರಾಯರನ್ನು ತಡೆದಳು.

"ರಾಯರೇ, ನಾನು ಹೇಳಿದ್ದು ದೊರೆಗೆ ಅರ್ಥ ಆಗ್ಲಿಲ್ವಾ?"

"ನೀನು ಹೇಳಿದ್ದೆಲ್ಲ ಹೇಳಿದ್ದೇನೆ," ಎಂದರು ರಾಯರು, ಕೊಡೆ ಬಿಡಿಸುತ್ತ.

ಅಂದಿನಿಂದ ಅವರಿಗೆ ಊಟ ರುಚಿಸಲಿಲ್ಲ. ಬಲ್ಮಠದ ಬಾಡಿಗೆ ಮನೆಯಲ್ಲಿ ಅವರೂ ಹೆಂಡತಿ ವಾರಿಜಮ್ಮನೂ ಇಬ್ಬರೇ. ಮಜ್ಜಿಗೆ ಅನ್ನವನ್ನು ಕಲಸಿ ಹಾಗೆಯೇ ಏಳುವ ಗಂಡನನ್ನು ವಾರಿಜಮ್ಮ ನೋಡುತ್ತಿದ್ದರು. ಮೂರನೆಯ ವಾರ ಕೇಳಿದಾಗ ರಾಯರು ಎಲ್ಲವನ್ನೂ ಹೇಳಿದರು.

"ಅವಳ ಹತ್ತಿರ ಹೋಗಿ ಹೇಳಿ," ಎಂದರು ವಾರಿಜಮ್ಮ. "ಬೈದರೆ ಬೈಸಿಕೊಳ್ಳಿ. ಇಲ್ಲಿ ಕೂತು ಒಣಗುವುದಕ್ಕಿಂತ ಅದು ವಾಸಿ."

ಶನಿವಾರ ಕೋರ್ಟು ಮಧ್ಯಾಹ್ನಕ್ಕೇ ಮುಗಿಯಿತು. ರಾಯರು ಬಿಸಿಲಿನಲ್ಲಿ ನಡೆದುಕೊಂಡೇ ಕಾರ್ಖಾನೆಗೆ ಹೋದರು. ದೂರದಿಂದಲೇ ಏನೋ ಸರಿಯಿಲ್ಲ ಅನ್ನಿಸಿತು. ಮಣ್ಣು ಅರೆಯುವ ಯಂತ್ರದ ಸದ್ದಿಲ್ಲ. ಗೇಟಿನಲ್ಲಿ ಯಾರೂ ಇಲ್ಲ. ಒಳಗೆ ಹೋದರೆ ಅಟ್ಟದ ಕೆಳಗೆ ಮೂವತ್ತು ನಲವತ್ತು ಮಂದಿ ಕತ್ತೆತ್ತಿ ನಿಂತಿದ್ದರು. ಮೇಲೆ, ಹಲಗೆಯ ಅಂಚಿನಲ್ಲಿ, ಐದಾರು ಗಂಡಸರು ನೋಣಯ್ಯನನ್ನು ಹಿಡಿದಿದ್ದರು. ಅವನ ಅಂಗಿ ಹರಿದು ಮೈಯೆಲ್ಲ ಜೇಡಿಯಾಗಿತ್ತು. ಅವನ ಕುತ್ತಿಗೆಗೆ ಕೈ ಹಾಕಿದ್ದವನು ತುಕ್ರನ ತಮ್ಮ ಬೂಬ. ಕೋರ್ಟಿನಲ್ಲಿ ಏನನ್ನೂ ನೋಡದ ಆರು ಮಂದಿಯಲ್ಲಿ ನಾಲ್ವರು ಈಗ ಮೇಲೆ ಇದ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಅವರೇ. ಅಂದು ಬೆಳಿಗ್ಗೆ ನೋಣಯ್ಯ ಮತ್ತೆ ಮೇಸ್ತ್ರಿಯಾಗಿ ಕೆಲಸಕ್ಕೆ ಬಂದಿದ್ದ. ಬಂದವನು, ಭಟ್ಟಿಗೆ ಇಳಿಯಲು ಹಿಂಜರಿದ ಒಬ್ಬನಿಗೆ, "ತುಕ್ರನ ದಾರಿ ಹಿಡೀಬೇಕಾ?" ಎಂದು ಕೇಳಿದ್ದನಂತೆ.

ನೋಣಯ್ಯನ ಕಣ್ಣಿಗೆ ರಾಯರು ಬಿದ್ದರು.

"ರಾಯರೇ! ನೀವೊಮ್ಮೆ ಇವರಿಗೆ ಹೇಳಿ! ಕೋರ್ಟು ನನ್ನನ್ನು ಬಿಟ್ಟಿದೆ. ಯಾರ್ಯಾರೋ ನೂಕಿದ್ದು ಅಂತ ಅವಳೇ ಹೇಳಿದ್ದಲ್ವಾ!"

ಎಲ್ಲರೂ ತಿರುಗಿದರು. ದೇಯಿ ಮೆಟ್ಟಿಲಿನ ಬುಡದಲ್ಲಿ ನಿಂತಿದ್ದಳು.

"ಹೇಳಿ ರಾಯರೇ," ಎಂದು ಬೂಬ ಮೇಲಿನಿಂದ ಕೂಗಿದ. "ನನ್ನ ಅತ್ತಿಗೆ ಎಂತ ಹೇಳಿದ್ದು?"

ರಾಯರು ಬಂದದ್ದೇ ಅದನ್ನು ಹೇಳಲು. ಆದರೆ ದೇಯಿಯೊಬ್ಬಳಿಗೆ ಹೇಳಲು, ಇಷ್ಟು ಜನರ ನಡುವೆ ಅಲ್ಲ. ಸುಳ್ಳು ಹೇಳಿದರೆ ಮೇಲಿರುವವನು ಉಳಿದಾನು ಎಂದು ಅವರಿಗೆ ಹೊಳೆಯಿತು. ದೇಯಿ ಅವರನ್ನೇ ನೋಡುತ್ತಿದ್ದಳು.

"ದೇಯಿ ಹೇಳಿದ್ದು ಒಬ್ಬನನ್ನೇ," ಎಂದರು. "ನೋಣಯ್ಯನನ್ನೇ. ಇಂಗ್ಲಿಷಿನಲ್ಲಿ ಹಲವರು ಅಂತ ಮಾಡಿದವ ನಾನು. ತಪ್ಪು ನನ್ನದು."

ತಮ್ಮ ಮೇಲೆ ಕಲ್ಲು ಬೀಳುತ್ತದೆ ಎಂದು ಅವರು ಕಣ್ಣು ಮುಚ್ಚಿಕೊಂಡರು. ಒಂದೂ ಬೀಳಲಿಲ್ಲ. ಜನ ಅವರನ್ನು ಆಗಲೇ ಮರೆತಿದ್ದರು. ಎಲ್ಲರ ಮುಖವೂ ಮತ್ತೆ ಅಟ್ಟದ ಕಡೆಗೆ ತಿರುಗಿತ್ತು.

"ನಿಲ್ಲಿ, ಸ್ವಲ್ಪ ನಿಲ್ಲಿ! ಸರ್ಕಾರ ಅಪೀಲು ಮಾಡಬಹುದು. ನಾನೇ ಬರೆದು ಕೊಡ್ತೇನೆ," ಎಂದು ರಾಯರು ಕೂಗಿದರು.

"ಮಾಡಬಹುದಾ, ಮಾಡ್ತದಾ?" ಎಂದು ಬೂಬ ಕೇಳಿದ.

"ಮಾಡಬಹುದು," ಎಂದರು ರಾಯರು ಮತ್ತೆ.

ಆಗ ನೋಣಯ್ಯ ಅಳತೊಡಗಿದ. "ನೂಕಿದ್ದು ಹೌದು. ಸಿಟ್ಟಿನಲ್ಲಿ ಆಗಿಹೋಯ್ತು. ದೇಯಿ, ತಪ್ಪಾಯ್ತು, ಬಿಡ್ಲಿಕ್ಕೆ ಹೇಳು ಇವರಿಗೆ."

"ಬಿಡು ಬೂಬ," ಎಂದಳು ದೇಯಿ. "ಹೇಳಿದ್ರಲ್ಲ. ನನಗೆ ಅಷ್ಟು ಸಾಕು. ಬಿಡು."

ಅವಳ ದನಿ ದೊಡ್ಡದಲ್ಲ. ಹೌದು ಎಂಬ ಮಾತು ನೋಣಯ್ಯನ ಬಾಯಿಂದ ಬಿದ್ದದ್ದೇ ಜನ ಬೊಬ್ಬೆ ಹಾಕಿದ್ದರು. ದೇಯಿ ಸೀರೆ ಎತ್ತಿ ಕಟ್ಟಿ ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ಬರುವಷ್ಟರಲ್ಲಿ ನೋಣಯ್ಯ ಅವಳ ಪಕ್ಕದಿಂದಲೇ ಕೆಳಗೆ ಬಿದ್ದ.

ಒಬ್ಬ ಹೆಂಗಸು ಗೋಣಿ ತಂದು ಹೆಣಕ್ಕೆ ಹೊದಿಸಿದಳು. ವಯಸ್ಸಾದ ಒಬ್ಬ ಆಳು ರಾಯರ ತೋಳು ಹಿಡಿದು ಹಿಂದೆ ಹೊಳೆಯಲ್ಲಿ ದೋಣಿ ನಿಲ್ಲುವ ದಕ್ಕೆಗೆ ಕರೆದುಕೊಂಡು ಹೋಗಿ, ಜೇಡಿಮಣ್ಣು ತರುವ ದೋಣಿಯಲ್ಲಿ ಕೂರಿಸಿದ.

"ಅವರು ಜಾರಿ ಬಿದ್ದದ್ದು. ನೀವು ಇಲ್ಲಿಗೆ ಬಂದೇ ಇಲ್ಲ ರಾಯರೇ. ಗೊತ್ತಾಯ್ತಲ್ವಾ?"

ಹತ್ತು ದಿನಗಳ ನಂತರ ಸಾವಿನ ವಿಚಾರಣೆ ನಡೆಯಿತು. ದುಭಾಷಿ ಚಕ್ರಪಾಣಿ ರಾಯರೇ. ಹದಿಮೂರು ಮಂದಿ ಒಬ್ಬರ ಹಿಂದೆ ಒಬ್ಬರು ಬಂದು ಮೇಸ್ತ್ರಿ ಜಾರಿ ಬಿದ್ದರೆಂದು ಹೇಳಿದರು. ರಾಯರು ಹದಿಮೂರು ಸಲವೂ ಅದನ್ನು ಚಾಚೂ ತಪ್ಪದೆ ಇಂಗ್ಲಿಷಿನಲ್ಲಿ ಹೇಳಿದರು. ಅವರೆಲ್ಲರ ನಂತರ ಕೊನೆಗೆ ಬಂದವಳು ನೋಣಯ್ಯನ ಹೆಂಡತಿ ಬಾಗಿ.

"ಹದಿನೆಂಟು ವರ್ಷ ಆ ಅಟ್ಟದಲ್ಲಿ ನಡೆದವರು. ಕಣ್ಣು ಕಟ್ಟಿ ಬಿಟ್ಟರೂ ಜಾರುವವರಲ್ಲ," ಎಂದಳು ಅವಳು.

ರಾಯರು ಅದನ್ನೂ ಹೇಳಿದರು. ಅಧಿಕಾರಿ ತಲೆಯಾಡಿಸಿ, ಪಾಪ, ಹೆಂಡತಿಯಲ್ಲವೇ ಎಂಬಂತೆ ನೋಡಿ ಕಾಗದ ಮಡಚಿದರು. ಹೊರಗೆ ಬಾಗಿ ಕಾದು ನಿಂತಿದ್ದಳು.

"ಉಳಿದವರು ಹೇಳುವಾಗ ನೀವು ನೆಲ ನೋಡ್ತಾ ಇದ್ರಿ," ಎಂದಳು. "ನಾನು ಹೇಳುವಾಗ ಮಾತ್ರ ತಲೆ ಎತ್ತಿದ್ರಿ. ನಿಮಗೆ ಎಂತದೋ ಗೊತ್ತುಂಟು."

ರಾಯರು ಕೊಡೆ ಬಿಡಿಸಿ ನಡೆದರು. ಅಂದು ಮನೆಯಲ್ಲಿ ನಡೆದದ್ದೆಲ್ಲ ಹೇಳಿದಾಗ ವಾರಿಜಮ್ಮ ಕೇಳಿದರು, "ನೀವು ಹೇಳಿದರೆ ಎಷ್ಟು ಮಂದಿಗೆ ನೇಣು?"

"ನಾಲ್ಕೈದು ಮಂದಿಗೆ ಆದರೂ ಆದೀತು."

"ಹೇಳದಿದ್ದರೆ?"

"ಯಾರಿಗೂ ಇಲ್ಲ."

ವಾರಿಜಮ್ಮ ಬಡಿಸುವುದನ್ನು ಬಿಟ್ಟು ಅಲ್ಲೇ ಕೂತರು.

ಮುಂದಿನ ಭಾನುವಾರ ಬೆಳಿಗ್ಗೆ ಬೂಬ ಅಂಗಳದಲ್ಲಿ ಬಂದು ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ಇಪ್ಪತ್ತೈದರ ಪ್ರಾಯದವನು ತಿಂಗಳ ಜ್ವರದಿಂದ ಎದ್ದವನ ಹಾಗೆ ಇದ್ದ.

"ಒಂದು ಕೇಳ್ಲಿಕ್ಕೆ ಬಂದೆ. ನೀವು ಕೆಳಗಿಂದ ನೋಡಿದ್ರಲ್ಲ. ಅವನ ಮೈಮೇಲೆ ತುಂಬ ಕೈ ಇತ್ತು. ಅತ್ತಿಗೆ ಬಿಡು ಅಂದದ್ದು ನನಗೆ ಕೇಳಿತ್ತು. ನಾನು ಬಿಟ್ಟೆ ಅಂತ ಒಂದು ಸಲ ಅನ್ನಿಸ್ತದೆ, ನೂಕಿದೆ ಅಂತ ಒಂದು ಸಲ. ಯಾವುದು ಹೌದು?"

ರಾಯರು ಆ ಗಳಿಗೆಯನ್ನು ಮನಸ್ಸಿಗೆ ತಂದುಕೊಂಡರು. ಹರಿದ ಅಂಗಿ ಕಂಡಿತು, ಜೇಡಿ ಮೆತ್ತಿದ ಕಾಲು ಕಂಡಿತು. ಕೈಗಳು ಮಾತ್ರ ಬೇರೆ ಬೇರೆಯಾಗಿ ಕಾಣಲಿಲ್ಲ.

"ನನಗೂ ಗೊತ್ತಿಲ್ಲ ಬೂಬ."

"ನಿಮಗೆ ಗೊತ್ತಿರಬಹುದು ಅಂತ ಬಂದದ್ದು," ಎಂದು ಹೇಳಿ ಬೂಬ ಹೋದ. ಆ ವಾರವೇ ಕೊಡಗಿನ ಕಾಫಿ ತೋಟಕ್ಕೆ ಹೋದನೆಂದು ಸುದ್ದಿ ಬಂತು. ಮತ್ತೆ ಅವನು ಊರಿಗೆ ಮರಳಲಿಲ್ಲ.

ರಾಯರು ಎರಡು ದಿನ ಕೂತು ಒಂದು ಹೇಳಿಕೆ ಬರೆದರು. ತಾನು ಯಾವ ಶಬ್ದವನ್ನು ತಪ್ಪಾಗಿ ಹೇಳಿದೆ, ಗೊತ್ತಾದ ಮೇಲೂ ಹೇಗೆ ಸುಮ್ಮನಿದ್ದೆ, ಕಾರ್ಖಾನೆಯಲ್ಲಿ ಜನರ ಮುಂದೆ ಏನು ಹೇಳಿದೆ, ನೋಣಯ್ಯ ಜಾರಿ ಬೀಳಲಿಲ್ಲ ಎಂಬುದು, ವಿಚಾರಣೆಯಲ್ಲಿ ತಾನು ಅದನ್ನು ಮುಚ್ಚಿಟ್ಟದ್ದು, ಎಲ್ಲವನ್ನೂ ಬರೆದರು. ಅಟ್ಟದ ಮೇಲಿದ್ದವರ ಹೆಸರು ಒಂದನ್ನೂ ಬರೆಯಲಿಲ್ಲ. ಅದನ್ನು ಜಡ್ಜರ ಕೈಯಲ್ಲೇ ಕೊಟ್ಟರು.

ಜಡ್ಜರು ಎರಡು ಸಲ ಓದಿದರು. ಅಟ್ಟದ ಮೇಲೆ ಯಾರ್ಯಾರಿದ್ದರು ಎಂದು ಕೇಳಿದರು. ರಾಯರು ಹೇಳಲಿಲ್ಲ. ಪೊಲೀಸರು ಕೇಳಿದರು. ಅವರಿಗೂ ಹೇಳಲಿಲ್ಲ. ನೂಕಿದ ಕೈಗಳು ಯಾರವೆಂದು ಗೊತ್ತಿಲ್ಲದೆ ನೇಣಿಗೆ ಕುತ್ತಿಗೆಗಳ ಹೆಸರು ಹೇಗೆ ಕೊಡಲಿ ಎಂಬುದು ಅವರ ಯೋಚನೆ. ಕಾರ್ಖಾನೆಯ ಹದಿಮೂರು ಮಂದಿ ಮೊದಲು ಹೇಳಿದ್ದನ್ನೇ ಹೇಳಿದರು; ದೇಯಿ ಮಾತ್ರ ಏನನ್ನೂ ಹೇಳದೆ ನಿಂತಳು. ಕೇಸು ಅಲ್ಲಿಗೇ ನಿಂತಿತು. ರಾಯರ ಕೆಲಸ ಹೋಯಿತು. ಉತ್ತರ ಕೊಡದಿದ್ದಕ್ಕೆ ಎರಡು ತಿಂಗಳು ಸಜೆಯೂ ಆಯಿತು.

ಹೊರಗೆ ಬಂದ ಮೇಲೆ ಅವರು ಹಂಪನಕಟ್ಟೆಯಲ್ಲಿ ಒಂದು ಅಂಗಡಿಯ ಜಗಲಿಯಲ್ಲಿ ಕೂತು ಜನರಿಗೆ ಅರ್ಜಿ ಬರೆದು ಕೊಡತೊಡಗಿದರು. ದೀಪಾವಳಿಗೆ ಎಂಟು ದಿನ ಇರುವಾಗ ಬಾಗಿ ಬಂದಳು.

"ಅರ್ಜಿಗೆ ಅಲ್ಲ," ಎಂದಳು. "ಹೆಸರು ಕೇಳ್ಲಿಕ್ಕೂ ಅಲ್ಲ. ನೀವು ಹೇಳೋದಿಲ್ಲ ಅಂತ ಊರಿಗೇ ಗೊತ್ತುಂಟು. ನಮ್ಮವರು ಕೊನೆಗೆ ಎಂತ ಹೇಳಿದ್ರು? ಅದೊಂದು ಹೇಳಿ."

ರಾಯರು ಲೇಖನಿ ಕೆಳಗಿಟ್ಟರು. ನಿನ್ನ ಹೆಸರು ಹೇಳಿದರು ಎಂದರೆ ಅವಳು ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ಯಾರಿಗೂ ನಷ್ಟವಿರಲಿಲ್ಲ.

"ನೂಕಿದ್ದು ಹೌದು ಅಂದ್ರು," ಎಂದರು. "ದೇಯಿ ಹತ್ತಿರ ತಪ್ಪಾಯ್ತು ಅಂದ್ರು."

ಬಾಗಿ ಜಗಲಿಯ ಅಂಚಿನಲ್ಲಿ ಕೂತುಬಿಟ್ಟಳು. ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ಪೂರ್ತಿ ದಾಟಿ ಹೋಯಿತು.

"ನನ್ನ ಹತ್ತಿರ ಇಲ್ಲ ಅಂದಿದ್ರು. ದೀಪ ಮುಟ್ಟಿ ಹೇಳಿದ್ರು." ಆಮೇಲೆ ಕೇಳಿದಳು, "ಅವಳು ಎಂತ ಹೇಳಿದ್ದು?"

"ಬಿಡು ಅಂದಳು. ತಡೀಲಿಕ್ಕೆ ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ..."

"ಸಾಕು," ಎಂದಳು ಬಾಗಿ. ಎದ್ದು ನಿಂತು, "ಅವಳ ಮನೆ ಎಲ್ಲಿ?" ಎಂದು ಕೇಳಿದಳು.

ರಾಯರು ಹೇಳಲೋ ಬೇಡವೋ ಎಂದು ಅನುಮಾನಿಸಿದರು. ಆಮೇಲೆ ದಾರಿ ಹೇಳಿದರು. ಅವಳು ಹೋದ ಮೇಲೆ ಆ ದಿನ ಅವರಿಂದ ಒಂದಕ್ಷರವೂ ಬರೆಯಲಾಗಲಿಲ್ಲ.

ಅಲ್ಲಿ ಏನಾಯಿತೆಂದು ದೇಯಿ ಬಹಳ ದಿನಗಳ ನಂತರ ವಾರಿಜಮ್ಮನಿಗೆ ಹೇಳಿದಳು. ಬಾಗಿ ಅಂಗಳದಲ್ಲಿ ನಿಂತಳಂತೆ. ದೇಯಿ ಚೊಂಬಿನಲ್ಲಿ ನೀರೂ ತುಂಡು ಬೆಲ್ಲವೂ ತಂದಿಟ್ಟಳಂತೆ. ಬಾಗಿ ನೀರು ಕುಡಿದಳು, ಬೆಲ್ಲ ಮುಟ್ಟಲಿಲ್ಲ. ಅದರ ಮುಂದಿನ ಸೋಮವಾರ ಕಾರ್ಖಾನೆಯ ಗೇಟಿನಲ್ಲಿ ಕೆಲಸ ಕೇಳುವ ಹೆಂಗಸರ ಸಾಲಿನಲ್ಲಿ ಬಾಗಿ ನಿಂತಿದ್ದಳು. ಅವಳನ್ನು ಅಟ್ಟದ ಕೆಲಸಕ್ಕೆ ಹಾಕಿದರು.