ಸಂತಿ ದಿನ ಒಂದು ಗುಳಿಗಿ

ಹುಕ್ಕೇರಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಂದಾಳ ಔಷಧ ಅಂಗಡಿ. ಓದಲು ಬಾರದವರಿಗೆ ಗುಳಿಗೆ ಕೊಟ್ಟು ಕಳಿಸುವುದು ಅವಳಿಗೆ ಮೊದಲಿನಿಂದಲೂ ಅಳುಕಿನ ಕೆಲಸವಾಗಿತ್ತು. ಎರಡೆರಡು ಸಲ ಬಾಯಿಂದ ಹೇಳಿಸಿ ಕಳಿಸಿದರೂ ಬಸ್ ಹತ್ತುವಷ್ಟರಲ್ಲಿ ಬೆಳಗಿನ ಗುಳಿಗೆ ರಾತ್ರಿಯದಾಗುತ್ತಿತ್ತು, ರಾತ್ರಿಯದು ಬೆಳಗಿನದು. ಹಾಗಾಗಿ ಮೈದುನ ವಿಶಾಲ ಎನ್‌ಎಫ್‌ಸಿ ಸ್ಟಿಕ್ಕರುಗಳ ಸುರುಳಿ ತಂದು ಕೌಂಟರಿನ ಮೇಲಿಟ್ಟ ದಿನ, ಇದು ತನಗಾಗಿಯೇ ಹುಟ್ಟಿದ ವಸ್ತು ಅನ್ನಿಸಿತ್ತು.

ವಿಶಾಲನ ವ್ಯಾಪಾರವೇ ಅದು. ಹೋಟೆಲಿನ ಮೇಜಿಗೆ ಒಂದು ಅಂಟಿಸಿ ಕೊಡುತ್ತಿದ್ದ. ಗಿರಾಕಿ ಅದಕ್ಕೆ ಫೋನ್ ತಾಗಿಸಿ ಹಚ್ಚಿದರೆ ತಿಂಡಿಯ ಪಟ್ಟಿ ತೆರೆದುಕೊಳ್ಳುತ್ತಿತ್ತು. ಸೀರೆ ಅಂಗಡಿಯ ಕಾರ್ಡಿಗೆ ಒಂದು, ಗ್ಯಾರೇಜಿನ ಬಾಗಿಲಿಗೆ ಒಂದು. ನಾಣ್ಯದಷ್ಟು ಅಗಲದ ಆ ಸ್ಟಿಕ್ಕರಿಗೆ ಬ್ಯಾಟರಿ ಇಲ್ಲ. ಅದರೊಳಗೆ ಹಿಡಿಯುವುದು ಒಂದು ವಿಳಾಸ ಮಾತ್ರ. ಆ ವಿಳಾಸದಲ್ಲಿ ಏನಿರಬೇಕು ಎಂಬುದನ್ನು ಅಂಗಡಿಯಲ್ಲಿ ಕುಳಿತೇ ಯಾವಾಗ ಬೇಕಾದರೂ ಬದಲಿಸಬಹುದು. ಗುಳಿಗೆ ಹೇಗೆ ತೆಗೆದುಕೊಳ್ಳಬೇಕೆಂದು ಹೇಳುವ ತನ್ನ ದನಿಯನ್ನು ನಂದಾ ಅಲ್ಲಿ ಮುದ್ರಿಸಿ ಇಟ್ಟಳು. ಗುಳಿಗೆಯ ಬೆಳ್ಳಿ ಹಾಳೆಯ ಮೇಲೆ ಅಂಟಿಸಿದರೆ ಲೋಹದ ಕಾರಣ ಫೋನಿಗೆ ತಿಳಿಯುವುದಿಲ್ಲವಾದ್ದರಿಂದ, ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಳಿಗೆ ಹಾಕಿ, ಮುಚ್ಚಳದ ಮೇಲೆ ಸ್ಟಿಕ್ಕರ್ ಅಂಟಿಸಿದಳು. ಎಲ್ಲ ಫೋನುಗಳಲ್ಲೂ ಆ ಸೌಲಭ್ಯ ಇರುವುದಿಲ್ಲ. ಇದ್ದವರಿಗೆ ಮಾತ್ರ ಮಾತಾಡುವ ಡಬ್ಬಿ.

ಅವತ್ತು ಮಧ್ಯಾಹ್ನ ವಿಶಾಲ ಲ್ಯಾಪ್‌ಟಾಪ್ ತೆರೆದು, ಯಾವ ಡಬ್ಬಿಗೆ ಯಾವತ್ತು ಫೋನ್ ಹಚ್ಚಿದ್ದಾರೆ ಎಂದು ಅತ್ತಿಗೆಗೆ ತೋರಿಸುತ್ತಿದ್ದ.

"ವೈನಿ, ನಿಮ್ಮ ಡಬ್ಬಿ ನನ್ನ ಹೋಟೆಲಿಗಿಂತ ಜೋರ್ ಓಡಾಕತ್ತಾವ. ಇದೊಂದು ನೋಡ್ರಿ. ಸಂದಿವಾತದ ಬಾಕಿ ಡಬ್ಬಿ ಎಲ್ಲಾ ವಾರಕ್ಕೊಮ್ಮಿ ಹಚ್ಚ್ಯಾರ. ಇದನ್ನ ಮಾತ್ರ ದಿನಾ ಬಿಟ್ಟ ದಿನಾ. ನಿಮ್ಮ ದನಿ ಮ್ಯಾಲ ಯಾರಿಗೋ ಮನಸಾಗೈತಿ."

ನಂದಾ ನಕ್ಕು ಇಣುಕಿದಳು. ಮಸಗುಪ್ಪಿಯ ಸಾವಂತ್ರೆವ್ವನ ಡಬ್ಬಿ. ಹುಕ್ಕೇರಿ ಸಂತೆಯಲ್ಲಿ ಬೆಳ್ಳುಳ್ಳಿ ಮಾರುವ ಮುದುಕಿ. ಬೆರಳ ಗಂಟುಗಳು ಬಾತು, ತಕ್ಕಡಿ ಎತ್ತಲೂ ಆಗದೆ ಔಷಧಕ್ಕೆ ಬಂದವಳು. ಮಗನ ಹಳೆಯ ಫೋನ್ ಅವಳ ಕೈಯಲ್ಲಿತ್ತು.

"ನಮ್ಮ ಸಂತಿ ಮುದುಕಿ," ಅಂದಳು ನಂದಾ.

"ನಿಮ್ಮ ಸಂತಿದ ಅಷ್ಟ ಅಲ್ಲರಿ. ಮೊನ್ನೆ ಮೂಡಲಗಿ ಸಂತ್ಯಾಗ ಕುಂತಿದ್ಲು. ಗೋಕಾಕದಾಗೂ ನೋಡೇನಿ. ಆಕಿಗೆ ಒಂದ ಊರ ಸಂತಿ ಸಾಲೂದಿಲ್ಲ."

ನಂದಾಳ ನಗು ಅಲ್ಲೇ ನಿಂತಿತು.

ಆ ಗುಳಿಗೆಯ ಹೆಸರು ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಅದು ವಾರಕ್ಕೆ ಒಂದೇ ಸಲ. ಪದೇ ಪದೇ ಹೊಟ್ಟೆಗೆ ಹೋದರೆ ಎಲುಬಿನ ಒಳಗೆ ರಕ್ತ ತಯಾರಾಗುವುದನ್ನೇ ನಿಲ್ಲಿಸುತ್ತದೆ. ಇದು ನಂದಾಳಿಗೆ ಚೆನ್ನಾಗಿ ಗೊತ್ತಿದ್ದದ್ದರಿಂದಲೇ ಅವಳು ಮಾತನ್ನು ತೂಗಿ ಆರಿಸಿದ್ದಳು. ವಾರ ಎಂದರೆ ಕೆಲವರಿಗೆ ಏಳು ದಿನ, ಕೆಲವರಿಗೆ ಒಂದು ದಿನ. ಆ ಪದ ಬೇಡ. ಸಂತೆ ಎಲ್ಲರಿಗೂ ನೆನಪಿರುತ್ತದೆ, ಪ್ರತಿ ಊರಿನವರಿಗೂ ತಮ್ಮದೊಂದು ಸಂತೆ ಇರುತ್ತದೆ. ಒಂದೇ ಧ್ವನಿಮುದ್ರಣ ಎಲ್ಲರಿಗೂ ಸಾಕು. "ಸಂತಿ ದಿನ ಒಂದು ಗುಳಿಗಿ, ಊಟಾದ ಮ್ಯಾಲ. ತಪ್ಪಸಬ್ಯಾಡ್ರಿ" ಎಂದು ಹೇಳಿ ಇಟ್ಟಿದ್ದಳು.

ಸಂತೆಗೆ ಹೋಗುವವರಿಗೆ ಅದು ಸರಿ. ಸಂತೆಯಿಂದ ಸಂತೆಗೆ ತಿರುಗಿ ಹೊಟ್ಟೆ ಹೊರೆಯುವವಳೂ ಇದನ್ನು ಕೇಳುತ್ತಾಳೆ ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ.

ಪರದೆಯ ಮೇಲಿನ ತಾರೀಖುಗಳನ್ನು ಬೆರಳಿಟ್ಟು ನೋಡಿದಳು. ಹುಕ್ಕೇರಿ ಸಂತೆ, ಮೂಡಲಗಿ ಸಂತೆ, ಗೋಕಾಕ ಸಂತೆ. ನಡುವೆ ಬೇರೆ ಯಾವುದೋ ಹಳ್ಳಿಯದು. ಸಾಲಾಗಿ ಬಂದು, ಕಳೆದ ವಾರದಿಂದ ಏನೂ ಇಲ್ಲ.

ವಿಶಾಲನಿಗೂ ಈಗ ವಿಷಯ ತಿಳಿದಿತ್ತು. ಹಚ್ಚಿಲ್ಲ ಅಂದರೆ ಗುಳಿಗೆ ಬಿಟ್ಟಿದ್ದಾಳೆ ಎಂದು ಸಮಾಧಾನ ಹೇಳಿದ.

"ಇಲ್ಲಾ, ಬಾಯಿಪಾಠ ಆಗೈತಿ," ಅಂದಳು ನಂದಾ. "ಪಾಠ ಆದಮ್ಯಾಲ ಯಾಕ ಹಚ್ಚತಾಳ?"

ಮುದುಕಿಯ ಫೋನಿಗೆ ಕರೆ ಮಾಡಿದಳು, ಸ್ವಿಚ್ ಆಫ್. ಮಗ ಲಗಮಣ್ಣ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ, ಅವನೂ ಎತ್ತಲಿಲ್ಲ. ಚೀಟಿ ಬರೆದ ವೈದ್ಯರಿಗೆ ಫೋನ್ ಮಾಡಿದಾಗ ಅವರು ಹೆಚ್ಚು ಮಾತಾಡಲಿಲ್ಲ: ಗುಳಿಗೆ ನಿಲ್ಲಿಸಿ, ಎಲ್ಲಿದ್ದರೂ ಹುಡುಕಿ ಆಸ್ಪತ್ರೆಗೆ ಒಯ್ಯಿರಿ, ರಕ್ತ ಪರೀಕ್ಷೆ ಆಗಲಿ. ನಂದಾ ಹೊಸದಾಗಿ ದನಿ ಮುದ್ರಿಸಿದಳು. ಯಾರೂ ಗುಳಿಗೆ ತೆಗೆದುಕೊಳ್ಳಬಾರದು, ತಾನೇ ಫೋನ್ ಮಾಡುತ್ತೇನೆ ಎಂದು. ವಿಶಾಲ ಹಳೆಯದನ್ನು ತೆಗೆದು ಇದನ್ನು ಹಾಕಿದ. ಈಗ ಸಾವಂತ್ರೆವ್ವ ಒಮ್ಮೆ, ಒಂದೇ ಒಂದು ಸಲ, ಡಬ್ಬಿಗೆ ಫೋನ್ ಹಚ್ಚಬೇಕಿತ್ತು.

ಅವತ್ತು ಗೋಕಾಕ ಸಂತೆ. ಇಬ್ಬರೂ ಮೋಟಾರ್‌ಸೈಕಲ್ ಹತ್ತಿದರು. ಹಿಂದೆ ಕುಳಿತ ನಂದಾ ಬಾಕಿ ಡಬ್ಬಿಯವರಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿ, ಯಾವತ್ತು ತೆಗೆದುಕೊಂಡಿರಿ ಎಂದು ಕೇಳುತ್ತ ಬಂದಳು. ಅವರೆಲ್ಲ ಸರಿಯಾಗಿಯೇ ತೆಗೆದುಕೊಂಡಿದ್ದರು. ಪ್ರತಿ ಕರೆಯ ನಂತರ ಸಾವಂತ್ರೆವ್ವನ ಡಬ್ಬಿಯ ತಾರೀಖುಗಳ ಪುಟ ತೆರೆದು ನೋಡುತ್ತಿದ್ದಳು. ಘಟಪ್ರಭಾ ದಾಟುವಾಗ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡರು. ಪುಟದಲ್ಲಿ ಹೊಸದೇನೂ ಇರಲಿಲ್ಲ. ನೋಡಿದ್ದನ್ನೇ ನೋಡಿ ಅವಳ ಹೆಬ್ಬೆರಳು ಬೆವತು, ಪರದೆ ಅದರ ಮಾತು ಕೇಳದಂತಾಯಿತು.

ಗೋಕಾಕ ಸಂತೆಯಲ್ಲಿ ಬೆಳ್ಳುಳ್ಳಿಯವರ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಬಾಜೂದಲ್ಲಿ ಹಗ್ಗ ಮಾರುತ್ತಿದ್ದ ಬೀರಸಿದ್ದಪ್ಪನನ್ನು ಕೇಳಿದರೆ, ಅವನು ಇವಳ ದನಿ ಕೇಳಿ ಕತ್ತೆತ್ತಿ ನೋಡಿದ.

"ನೀವ ಏನ್ರಿ ಡಬ್ಬ್ಯಾಗಿನ ಬಾಯಿ? ನಮ್ಮ ಸಂತಿಗೆಲ್ಲಾ ನೀವ ಪಾಠ ಆಗೀರಿ. ಬುತ್ತಿ ಉಂಡಕೂಡ್ಲೆ ಆ ಮುದುಕಿ ಡಬ್ಬಿ ಮಾತಾಡಸತಿತ್ತ್ರಿ. ಇಂದ ಎಲ್ಲಿ ಸಂತಿನೋ ಅಲ್ಲಿ ಗುಳಿಗಿ. ಒಂದ ದಿನಾ ತಪ್ಪಿಸಿಲ್ಲ ನೋಡ್ರಿ, ಭಾಳ ನೇಮದಾಕಿ."

ಮುದುಕಿ ಇವತ್ತು ಯಾಕೆ ಬಂದಿಲ್ಲ ಎಂದು ವಿಶಾಲ ಕೇಳಿದ.

"ಬಾಯ್ತುಂಬ ಹುಣ್ಣ ಎದ್ದಾವಂತ. ನೀರ ನುಂಗಾಕ ಆಗವಲ್ದಂತ. ತಂಬಾಕದ ಸುಣ್ಣ ಜಾಸ್ತಿ ಆತು ಅಂತ ನಾವ ನಕ್ಕಿವಿ."

ಬಾಯಿಯ ಹುಣ್ಣು ಏನೆಂದು ನಂದಾಳಿಗೆ ಗೊತ್ತಿತ್ತು. ಅದು ಈ ವಿಷದ ಮೊದಲ ಗುರುತು. ಅದರ ನಂತರ ಜ್ವರ, ಮೈಮೇಲೆ ಪೆಟ್ಟಿಲ್ಲದೆ ಏಳುವ ನೀಲಿ ಕಲೆ. ಆಮೇಲಿನದನ್ನು ಅವಳು ನೆನೆಯಲು ಹೋಗಲಿಲ್ಲ.

ಮಸಗುಪ್ಪಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸೊಸೆ ಸುಮನ ಬಾಗಿಲಲ್ಲೇ ಸಿಕ್ಕಳು. ಫೋನ್ ನೀರಿನ ಕೊಡದಲ್ಲಿ ಬಿದ್ದು ಕೆಟ್ಟು ಒಂದು ವಾರವಾಯಿತು ಎಂದಳು. ಒಳಗೆ ಸಾವಂತ್ರೆವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊದಿಕೆಯಿಂದ ಹೊರಗೆ ಬಿದ್ದಿದ್ದ ತೋಳಿನ ಮೇಲೆ ಎರಡು ನೀಲಿ ಕಲೆಗಳಿದ್ದವು. ನಂದಾ ಹಣೆ ಮುಟ್ಟಿ ನೋಡಿದಳು, ಸುಡುತ್ತಿತ್ತು. ಮುದುಕಿ ಕಣ್ಣು ಬಿಟ್ಟು, ಗುರುತು ಹಿಡಿದು, ಹರಿದ ತುಟಿಯಲ್ಲೇ ನಗಲು ನೋಡಿದಳು.

"ಇಂದ ಗೋಕಾಕ ಸಂತಿ. ಹೋಗಾಕ ಆಗಲಿಲ್ಲ ಯವ್ವಾ. ಆದ್ರೂ ಗುಳಿಗಿ ತಪ್ಪಿಸಿಲ್ಲ. ಗಂಜಿ ಕುಡದು ತಗೊಂಡೇನಿ," ಅಂದಳು. ಆಮೇಲೆ ನಂದಾಳದೇ ರಾಗದಲ್ಲಿ, ಅಕ್ಷರಕ್ಕೆ ಅಕ್ಷರ ಸೇರಿಸಿ ಹೇಳಿದಳು: "ಸಂತಿ ದಿನ ಒಂದು ಗುಳಿಗಿ, ಊಟಾದ ಮ್ಯಾಲ. ತಪ್ಪಸಬ್ಯಾಡ್ರಿ."

ತನ್ನ ದನಿ ಇನ್ನೊಬ್ಬರ ಹುಣ್ಣಾದ ಬಾಯಿಂದ ಬರುವುದನ್ನು ಕೇಳಿ ನಂದಾ ಡಬ್ಬಿಯನ್ನು ಕಸಿದುಕೊಂಡಳು.

ಬಾಡಿಗೆ ಜೀಪಿನಲ್ಲಿ ಗೋಕಾಕದ ಒಂದು ಆಸ್ಪತ್ರೆಗೆ ಬಂದರು. ರಕ್ತದ ವರದಿ ಕೈಗೆ ಬಂದಾಗ ಡಾಕ್ಟರ್ ಹುಬ್ಬು ಗಂಟಿಕ್ಕಿದರು. ಬಿಳಿ ರಕ್ತಕಣವೂ ಪ್ಲೇಟ್‌ಲೆಟ್ಟೂ ಬಹಳ ಇಳಿದಿದ್ದವು. ಈ ವಿಷಕ್ಕೆ ಎದುರಾಗಿ ಆರು ತಾಸಿಗೊಮ್ಮೆ ಕೊಡುವ ಫೋಲಿನಿಕ್ ಆ್ಯಸಿಡ್ ಸೂಜಿಮದ್ದು ಊರಲ್ಲೇ ಸಿಕ್ಕಿತು. ಅದನ್ನು ಕೊಡಲು ತಡ ಮಾಡಿದಷ್ಟೂ ಅದರ ಉಪಯೋಗ ಕಡಿಮೆ, ಈಗಲೇ ಶುರುವಾದರೆ ಉಳಿಯುವ ಆಸೆ ಇದೆ, ಗ್ಯಾರಂಟಿ ಹೇಳಲಾರೆ ಎಂದರು ಡಾಕ್ಟರ್.

ನರ್ಸ್ ಸೂಜಿ ತಂದಾಗ ಸಾವಂತ್ರೆವ್ವ ಕೈ ಎಳೆದುಕೊಂಡಳು. ಇನ್ನೊಮ್ಮೆ ಹಿಡಿಯಲು ಹೋದರೆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟು ನರ್ಸಿಗೆ ಬೆನ್ನು ತಿರುಗಿಸಿದಳು. ಡಬ್ಬಿ ಸೂಜಿಯ ಮಾತು ಹೇಳಿಲ್ಲ, ತಾನು ಮಾಡಿಸಿಕೊಳ್ಳುವುದಿಲ್ಲ ಎಂದಳು. ಸುಮನ ಬೇಡಿಕೊಂಡಳು, ನರ್ಸ್ ಗದರಿಸಿದಳು. ಒತ್ತಿ ಹಿಡಿಯುವುದು ಬೇಡ, ಈ ಸ್ಥಿತಿಯಲ್ಲಿ ಒತ್ತಿದಲ್ಲೆಲ್ಲ ಚರ್ಮದೊಳಗೆ ರಕ್ತ ಒಸರುತ್ತದೆ ಎಂದು ಡಾಕ್ಟರ್ ತಡೆದರು.

ಅಷ್ಟರಲ್ಲಿ ಸುದ್ದಿ ತಿಳಿದು ಗಿರಣಿಯಿಂದ ಲಗಮಣ್ಣ ಬಂದ. ಅಂಗಿಗೆ ಹತ್ತಿಯ ಎಳೆ ಹತ್ತಿದ್ದವು. ನಂದಾಳಿಗೆ ಕೈ ಮುಗಿದು, ಹುಕ್ಕೇರಿಯಿಂದ ಇಷ್ಟು ದೂರ ಹುಡುಕಿಕೊಂಡು ಬಂದಿರಿ, ನಮ್ಮವರು ಯಾರೂ ಇಷ್ಟು ಮಾಡುತ್ತಿರಲಿಲ್ಲ ಎಂದ. ಮುದುಕಿ ತಪ್ಪಾಗಿ ತಿಳಿದುಕೊಂಡಳೆಂದು ಸುಮನ ಆಗಲೇ ಅವನಿಗೆ ಹೇಳಿದ್ದಳು. ನಂದಾ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಆಕಿ ತಪ್ಪ ತಿಳಕೊಂಡಿಲ್ಲ," ಅಂದಳು. "ನಾ ಹೇಳಿದ್ದನ್ನ ಹೇಳಿದಂಗ ಮಾಡ್ಯಾಳ. ಹೇಳಿದ್ದ ತಪ್ಪು."

ಲಗಮಣ್ಣ ಮುಗಿದ ಕೈಯನ್ನು ಇಳಿಸಿದ. ನಂದಾ ಅವನ ಕೈಯನ್ನು ನೋಡುತ್ತ ನಿಂತಳು.

"ಹಂಗಾರ ಈಗ ಸಮಾ ಹೇಳ್ರಿ," ಅಂದ. "ಆಕಿ ನಿಮ್ಮ ಮಾತ ಅಷ್ಟ ಕೇಳತಾಳ."

ನಂದಾ ಮಂಚದ ಪಕ್ಕಕ್ಕೆ ಬಂದಳು. ಅವಳ ದನಿಗೆ ಮುದುಕಿ ಇತ್ತ ತಿರುಗಿ, ಅವಳ ತುಟಿಯನ್ನೇ ನೋಡತೊಡಗಿದಳು. ನಂದಾಳಿಗೆ ಇಷ್ಟು ವರ್ಷ ಸಾವಿರ ಜನಕ್ಕೆ ಹೇಳಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಪ್ರತಿಯೊಂದಕ್ಕೂ ಇನ್ನೊಂದು ಅರ್ಥ ಇದ್ದಂತೆ ಕಂಡಿತು. ಸೂಜಿ ಮಾಡಿಸಿಕೊಳ್ಳಿ ಎಂದರೆ ಇದೊಂದೇ ಎಂದುಕೊಂಡಾಳು. ಆರು ತಾಸಿಗೊಮ್ಮೆ ಎಂದರೆ ಯಾವಾಗಿನಿಂದ ಎಣಿಸಿಯಾಳು?

"ಅವ್ವಾ, ಸೂಜಿ ಮಾಡಿಸ್ಕೋರಿ."

"ಯಾವತ್ತ ಮಾಡಿಸ್ಕೋಬೇಕವಾ?"

"ಈಗ," ಅಂದಳು ನಂದಾ. ಅದೂ ಸಾಲದೆನಿಸಿ, ಸೆರಗಿನೊಳಗಿನ ಕೈಯನ್ನು ಮೆಲ್ಲಗೆ ಹೊರತೆಗೆದು ತನ್ನ ಅಂಗೈ ಮೇಲೆ ಇಟ್ಟುಕೊಂಡಳು. "ಈ ಕೈಗೆ. ನಾ ಹಿಡದೇನಿ. ಮುಂದಿನದನ್ನ ನಾ ಇಲ್ಲೇ ಕುಂತ ಹೇಳತೇನಿ."

ಮುದುಕಿ ಕೈ ಸಡಿಲ ಬಿಟ್ಟಳು. ನರ್ಸ್ ಬಾಗಿದಳು. ಸೂಜಿ ಒಳಗೆ ಇಳಿಯುವವರೆಗೂ ನಂದಾ ಇನ್ನೊಂದು ಮಾತನ್ನೂ ಆಡಲಿಲ್ಲ.