ಎರಡನೆಯ ಕೊಂಬು

ಮುಳ್ಳು ಇನ್ನೂ ರಿಕಾರ್ಡಿನ ಮೇಲೆ ಇಳಿದಿರಲಿಲ್ಲ. ಅಷ್ಟರಲ್ಲೇ ಗುರುಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೈಮುಗಿದಳು.

"ಯಕ್ಕಾ, ಇದೇನ ಗದ್ದಿಗಿ ಅಲ್ಲ, ಕೈ ಕೆಳಗ ತಗಿ. ಮಂದಿ ನೋಡಾಕತ್ತಾರ," ಎಂದು ನೆಗೆಣ್ಣಿ ದುಂಡವ್ವ ಅವಳ ಮೊಣಕೈ ಜಗ್ಗಿದಳು.

"ನೋಡಲಿ ತಗೋ. ನಾ ಯಾರ ಮನೀದೂ ಕದ್ದು ಕೇಳಾಕ ಬಂದಿಲ್ಲ."

ವಿಜಾಪುರದ ಸಿದ್ಧೇಶ್ವರ ಗುಡಿಯ ಓಣಿಯಲ್ಲಿ ಲಾಲಸಾಬನದು ಒಂದೇ ಬಾಗಿಲಿನ ಅಂಗಡಿ. ರೇಡಿಯೊ ರಿಪೇರಿ ಮಾಡುವುದು, ಮದುವೆಗಳಿಗೆ ಮೈಕಿನ ಭೋಂಗಾ ಬಾಡಿಗೆ ಕೊಡುವುದು, ಕೇಳಿದವರಿಗೆ ಮುಂಬಯಿಯಿಂದ ರಿಕಾರ್ಡು ತರಿಸಿಕೊಡುವುದು ಅವನ ಕಸುಬು. ತಿಕೋಟಾದಿಂದ ಮೊದಲ ಬಸ್ಸಿಗೆ ಬಂದ ಇಬ್ಬರೂ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು, ಅವನು ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಬಂದು ಕೂತಿದ್ದರು. ಒಳಗೆ ಗೋಡೆಗೆ ಒರಗಿ ನಿಂತಿದ್ದವನು ಇಸಾಕ. ವಿಜಾಪುರದ ಮದುವೆಗಳಲ್ಲಿ ಈಗ ಅವನದೇ ಬ್ಯಾಂಡು. ಹಿಂದೆ ಅವನೂ ಗುರುಬಾಯಿಯ ಮಗ ಸಿದ್ದರಾಯನೂ ಒಂದೇ ಪಲ್ಟನ್ನಿನಲ್ಲಿ ಪಕ್ಕಪಕ್ಕ ನಿಂತು ಹಿತ್ತಾಳೆಯ ಸುರುಳಿಕೊಂಬು ಊದಿದವರು. ಯುದ್ಧ ಬಂದರೆ ಬ್ಯಾಂಡಿನವರು ಕೊಂಬು ಕೆಳಗಿಟ್ಟು ಗಾಯಾಳುಗಳ ಡೋಲಿ ಹೊರಬೇಕು. ಪಾಕಿಸ್ತಾನದೊಡನೆ ಯುದ್ಧವಾದ ವರ್ಷ ಇಬ್ಬರೂ ಹೊತ್ತರು. ಇಸಾಕ ಒಂದು ಕಾಲು ಎಳೆಯುತ್ತ ಮರಳಿ ಬಂದ. ಸಿದ್ದರಾಯ ಬರಲಿಲ್ಲ.

ರಜೆಗೆ ಬರುವಾಗ ಕೊಂಬನ್ನು ಮನೆಗೆ ಒಯ್ಯಲು ಪಲ್ಟನ್ನಿನವರು ಬಿಡುತ್ತಿರಲಿಲ್ಲ. ಅದಕ್ಕೇ ಸಿದ್ದರಾಯ ತನ್ನ ಪಾಠವನ್ನು ಬಾಯಲ್ಲೇ ಗುನುಗುತ್ತಿದ್ದ. ಬೆಳಗಿನ ಜಾವ ತಾಯಿ ಬೀಸಲು ಕೂತರೆ ಅವನೂ ಎದುರಿಗೆ ಕೂತು ಬೀಸುಗಲ್ಲಿನ ಗೂಟಕ್ಕೆ ಕೈ ಹಚ್ಚಿ, ಇಂಗ್ಲಿಷರ ಒಂದು ದೊಡ್ಡ ವಾದ್ಯಮೇಳದ ಹಾಡನ್ನು ಹೊಟ್ಟೆಯೊಳಗಿನಿಂದ ಎಂಬಂತೆ ತೆಗೆಯುತ್ತಿದ್ದ. ಏರಿಳಿತ ಹೆಚ್ಚಿರಲಿಲ್ಲ. ಒಂದೊಂದು ಕಡೆ ಸುಮ್ಮನಾಗಿ, ಕಲ್ಲಿನ ಸಪ್ಪಳವನ್ನಷ್ಟೇ ಬಿಟ್ಟು, ಮತ್ತೆ ಎತ್ತಿಕೊಳ್ಳುತ್ತಿದ್ದ. ಕೇಳಿ ಕೇಳಿ ಗುರುಬಾಯಿ ಅದಕ್ಕೆ ಮಾತು ಕೂಡಿಸಿದಳು:

ಕೊಂಬ ಊದುವ ಕಂದ ದಂಡೀಗಿ ಹೋಗ್ಯಾನ
ತುಂಬ್ಯಾವ ತೆನಿಯು ಬಿಳಿಜ್ವಾಳ | ನನ ಕಂದ
ಕಂಬಳಿ ಹಾಸೇನಿ ಬಂದ ಕೂಡ

ಓಣಿಯ ಹೆಂಗಸರೆಲ್ಲ ಅದನ್ನು ಕಲಿತರು. ಬಬಲೇಶ್ವರಕ್ಕೆ ಕೊಟ್ಟ ಮಗಳು ರಾಚವ್ವ ಅತ್ತೆಯ ಮನೆಗೆ ಒಯ್ದಳು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೂ ಗುರುಬಾಯಿ ಬೀಸುವುದನ್ನು ಬಿಡದೆ ಇದ್ದದ್ದು ಆ ಹಾಡಿನ ಸಲುವಾಗಿಯೇ. ಮಗನ ಮುಖವನ್ನು ನೆನೆಯಲು ಹೋದರೆ ಕೆಲವೊಮ್ಮೆ ಮಸುಕಾಗುತ್ತಿತ್ತು. ಹಾಡು ಮಾತ್ರ ಇದ್ದ ಹಾಗೆಯೇ ಇತ್ತು.

ಹೋಳಿಹುಣ್ಣಿಮೆಯ ಸುಮಾರಿಗೆ ಇಸಾಕ ತಿಕೋಟಾಕ್ಕೆ ಬಂದು ಸುದ್ದಿ ಹೇಳಿದ್ದ. ಪಲ್ಟನ್ನಿನ ಆ ಇಂಗ್ಲಿಷ್ ಹಾಡನ್ನು ಬರೆದವನನ್ನು ಅವನ ದೇಶದವರೇ ಮರೆತುಬಿಟ್ಟಿದ್ದರಂತೆ. ಎಲ್ಲಿಯೂ ಯಾರೂ ಬಾರಿಸುತ್ತಿರಲಿಲ್ಲವಂತೆ. ತಮ್ಮ ಮುದುಕ ಬ್ಯಾಂಡ್‌ಮಾಸ್ತರನೊಬ್ಬ ಹಟ ಹಿಡಿದು ಪಲ್ಟನ್ನಿನಲ್ಲಿ ಕಲಿಸಿದ್ದನಂತೆ. ಈಗ ಲಂಡನ್ನಿನಲ್ಲಿ ಮೊದಲ ಬಾರಿಗೆ ಅದರ ರಿಕಾರ್ಡು ಆಗುತ್ತದೆಂದು ಆ ಮಾಸ್ತರನೇ ತಿಳಿಸಿದ್ದ.

"ಮರತವರು ಈಗ್ಯಾಕ ನೆನಪ ಮಾಡಿಕೊಂಡಾರು?" ಎಂದು ಗುರುಬಾಯಿ ಕೇಳಿದ್ದಳು.

"ಅಲ್ಲೂ ಯಾರರೇ ಒಬ್ಬರು ಗುಣುಗುಣು ಅಂತಿರತಾರ, ಅವ್ವಾ."

ಅಂದಿನಿಂದ ಅವಳಿಗೆ ಅದೊಂದೇ ಧ್ಯಾನ. ಕಾರಹುಣ್ಣಿಮೆ ಹೋಯಿತು, ಶ್ರಾವಣ ಹೋಯಿತು. ಸಂತೆಗೆಂದು ಬಂದಾಗಲೆಲ್ಲ ಅಂಗಡಿಗೆ ಹಣಿಕಿ ಹಾಕುವಳು. "ಹಡಗ ಬರಬೇಕ್ರಿ ಯವ್ವಾ, ಇದು ತಿಕೋಟಾ ಬಸ್ಸಲ್ಲ," ಎಂದು ಲಾಲಸಾಬ ನಗುವನು. "ಆ ಬಸ್ಸೂ ಹೊತ್ತಿಗಿ ಬರೂದಿಲ್ಲ ಬಿಡಪಾ," ಎಂದು ಇವಳು ಹೊರಳುವಳು. ಹೋಗುವಾಗ ಗುಡಿಯ ಸಿದ್ಧೇಶ್ವರನ ಮುಂದೆ ನಿಂತು, ಅದನ್ನು ಕೇಳುವ ತನಕ ನನ್ನನ್ನು ಕರೆದುಕೊಳ್ಳಬೇಡ ಎಂದು ಬೇಡಿಕೊಳ್ಳುವಳು.

ಕಡೆಗೂ ಬಂದಿದ್ದ ಆ ತಟ್ಟೆಯ ಮೇಲೆ ಲಾಲಸಾಬ ಮುಳ್ಳು ಇಳಿಸಿದ.

ಮೊದಲು ಬಹಳ ದೂರದ ಗಾಳಿಯಂಥ ಒಂದು ದನಿ. ಆಮೇಲೆ ಪಿಟೀಲುಗಳು, ಒಂದಲ್ಲ ಎರಡಲ್ಲ, ಒಂದು ಊರಿಗೆ ಊರೇ ಬಾರಿಸಿದ ಹಾಗೆ. ಗುರುಬಾಯಿ ಕಣ್ಣು ಮುಚ್ಚಿದಳು. ಈಗ ಬಂದೀತು, ಇನ್ನು ಬಂದೀತು ಎಂದು ಕಿವಿಗೊಟ್ಟಳು. ರಾಗವೊಂದು ಎದ್ದಿತು, ಮೇಲಕ್ಕೆ ಹೋಯಿತು, ಬಳುಕಿತು, ಇಳಿಯಿತು. ಅದು ಅವಳದಲ್ಲ. ಕಣ್ಣು ತೆರೆದು ನೋಡಿದರೆ ಇಸಾಕನ ಗಲ್ಲದ ಮೇಲೆ ನೀರು ಹರಿದಿತ್ತು. ಬೆರಳುಗಳು ತೊಡೆಯ ಮೇಲೆ ಇಲ್ಲದ ಕೊಂಬಿನ ಕೀಲಿಗಳನ್ನು ಒತ್ತುತ್ತಿದ್ದವು. ಲಾಲಸಾಬ ತಟ್ಟೆ ಹೊರಳಿಸಿ ಹಾಕಿದ. ಆ ಮಗ್ಗುಲೂ ಮುಗಿಯಿತು.

ಲಾಲಸಾಬ ಮುಳ್ಳು ಎತ್ತಿ ಇಟ್ಟ.

"ಸಿದ್ದಂದು ಎಲ್ಲಿ?" ಎಂದಳು ಗುರುಬಾಯಿ.

"ಇದ ಅವ್ವಾ," ಎಂದ ಇಸಾಕ.

"ಇದಲ್ಲ."

"ಬ್ಯಾರೇ ಪ್ಲೇಟ ಕಳಿಸ್ಯಾರ ನೋಡು," ಎಂದಳು ದುಂಡವ್ವ. "ಮುಂಬೈ ಮಂದಿ. ಹಳ್ಳಿಯವರಂದ್ರ ಏನ ಕೊಟ್ಟರೂ ನಡೀತೈತಿ."

ಲಾಲಸಾಬನಿಗೆ ಸಿಟ್ಟು ಬಂತು. "ಖುದಾನ ಆಣಿ ಮಾಡಿ ಹೇಳತೇನಿ, ಇದ ಪ್ಲೇಟ. ಇಸಾಕನ್ನ ಕೇಳ್ರಿ, ಅತ್ತಾನ ನೋಡ್ರಿ ಅಂವಾ."

ಗುರುಬಾಯಿ ಕಂಬವೊಂದನ್ನು ಹಿಡಿದುಕೊಂಡಳು. ಇಸಾಕ ಅತ್ತಿದ್ದನ್ನು ಅವಳೂ ಕಂಡಿದ್ದಳು; ಸುಳ್ಳಿಗೆ ಯಾರೂ ಹಾಗೆ ಅಳುವುದಿಲ್ಲ. ಹಾಗಾದರೆ ತಾನು ಇಷ್ಟು ವರ್ಷ ಹಾಡಿದ್ದು ಯಾವುದು? ಮಗನ ಹಾಡನ್ನು ತಾನೇ ಹಾಡುತ್ತ ಹಾಡುತ್ತ ಕೆಡಿಸಿದಳೋ? ಅವನದು ಎಂಬುದು ಏನೂ ಉಳಿಯದಂತೆ ತನ್ನದೇ ಮಾಡಿಕೊಂಡಳೋ?

"ಇಸಾಕ, ಖರೇ ಹೇಳು. ನನ್ನ ಮಗಾ ನಿನ್ನ ಸಂಗಾಟ ನಿಂತು ಇದನ್ನ ಊದ್ಯಾನೋ ಇಲ್ಲೋ?"

"ಊದ್ಯಾನ ಅವ್ವಾ. ನನ್ನ ಎಡಕ್ಕ ನಿಂತು ಊದ್ಯಾನ."

"ಮತ್ತ ಇದು?" ಎಂದವಳೇ ತನ್ನ ಹಾಡನ್ನು ಎತ್ತಿದಳು. ಎರಡು ಸಾಲು ಆದ ಮೇಲೆ, ಮಗ ಸುಮ್ಮನಾಗುತ್ತಿದ್ದಲ್ಲಿ ತಾನೂ ಸುಮ್ಮನಾಗಿ, ಮತ್ತೆ ಎತ್ತಿಕೊಂಡಳು.

ಇಸಾಕ ಅಲ್ಲಿಯೇ ನೆಲಕ್ಕೆ ಕೂತ.

"ಯೇಸಪ್ಪಾ..." ಎಂದ. "ಇದು ಯಾರು ಕಲಿಸಿದರವ್ವಾ ನಿನಗ?"

"ಯಾರು ಕಲಸ್ತಾರ? ಅಂವನ ಎದುರಿಗಿ ಕುಂತು ಹಾಡಿದ್ದು."

"ಇದು ರಾಗ ಅಲ್ಲವ್ವಾ. ಇದು ಎರಡನೇ ಕೊಂಬಿನ ಪಾಲು. ರಾಗ ನನ್ನ ಕಡೆ, ಪಿಟೀಲಿನ ಕಡೆ ಇತ್ತು. ಸಿದ್ದ ಕೆಳಗಿನ ಸ್ವರಾ ಹಿಡೀತಿದ್ದ. ಹಿಮ್ಮ್ಯಾಳ ಇರತೈತಲ್ಲ, ಹಂಗ." ಅವನು ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಒಂದ ಸ್ವರಾನೂ ತಪ್ಪಿಲ್ಲ. ಸುಮ್ಮ ಇರೂ ಜಾಗಾ ಸುದ್ದಾ ಹಂಗ ಅದಾವ."

ಗುರುಬಾಯಿಗೆ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಇನ್ನೊಂದು ಏಟು ಬಿದ್ದ ಹಾಗಾಯಿತು.

"ಹಿಮ್ಮ್ಯಾಳ," ಎಂದಳು. "ಹಂಗಾರ ನನ್ನ ಮಗಾ ಒಂದ ದಿನಾನೂ ಮುಂದ ನಿಂತು ಊದಲಿಲ್ಲೇನ? ಇಷ್ಟ ದೊಡ್ಡ ಗದ್ದಲದಾಗ ಅಂವಾ ಊದಿದ್ದು ಯಾರಿಗೂ ಕೇಳೂದ ಇಲ್ಲೇನ?"

"ಕೇಳೂದಿಲ್ಲವ್ವಾ. ಆದರ ಅಂವಾ ಬಿಟ್ಟರ ನಾ ಬೀಳತಿದ್ದೆ."

ದುಂಡವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಗುರುಬಾಯಿ ಕಂಬದಿಂದ ಕೈ ತೆಗೆದು, "ಇನ್ನೊಮ್ಮೆ ಹಚ್ಚು," ಎಂದಳು. ಲಾಲಸಾಬ ಹಚ್ಚಿದ. ಇಸಾಕ ಎದ್ದು ಅವಳ ಬಲಕ್ಕೆ ಬಂದು, ಕುಂಟು ಕಾಲನ್ನು ನೆಟ್ಟಗೆ ಮಾಡಿ ನಿಂತ. ಗಾಳಿಯಂಥ ದನಿ ಹೋಯಿತು, ಪಿಟೀಲುಗಳು ಬಂದವು. ಅವನು ಬೆರಳು ಇಳಿಸಿ ತೋರಿಸಿದ ಕೂಡಲೇ ಗುರುಬಾಯಿ ಸಣ್ಣ ದನಿಯಲ್ಲಿ ಶುರುಮಾಡಿದಳು, ಮಾತು ಬಿಟ್ಟು, ಬರಿಯ ದನಿ.

ಅದು ಕೂಡಿತು. ಅವಳ ದನಿಯ ಮೇಲೆ ಕಾಲಿಟ್ಟು ಆ ದೊಡ್ಡ ರಾಗ ಎದ್ದು ನಿಂತಿತು. ಅವಳು ಬೆಚ್ಚಿ ಇಸಾಕನ ತೋಳು ಹಿಡಿದಳು, ಆದರೆ ಹಾಡುವುದನ್ನು ಬಿಡಲಿಲ್ಲ. ಇಷ್ಟು ದಿನ ಅವಳು ಮಗನ ಪಾಲನ್ನಷ್ಟೇ ಕೇಳಿದ್ದಳು. ಊದುವಾಗ ಅವನ ಕಿವಿಗೆ ಬೀಳುತ್ತಿದ್ದದ್ದು ಇದು.

ಓಣಿಯಲ್ಲಿ ಗುಡಿಗೆ ಹೊರಟವರು ಕಾಯಿ ಕರ್ಪೂರ ಹಿಡಿದು ಬಾಗಿಲ ಮುಂದೆ ನಿಂತರು. ಮಗ ಸುಮ್ಮನಾಗುತ್ತಿದ್ದ ಜಾಗ ಬಂತು. ಗುರುಬಾಯಿ ಬಾಯಿ ಮುಚ್ಚಿದಳು. ಪಿಟೀಲುಗಳು ತಾವಷ್ಟೇ ಮುಂದೆ ಹೋದವು, ಹೋಗುತ್ತಲೇ ಇದ್ದವು. ಇಸಾಕ ಒಂದು ಕೈ ಮೇಲೆತ್ತಿ, ತಡಿ, ತಡಿ ಎಂಬಂತೆ ಹಿಡಿದಿದ್ದ. ಆ ಕೈ ಇಳಿಯುವುದನ್ನೇ ನೋಡುತ್ತ ಅವಳು ಉಸಿರು ತುಂಬಿಕೊಂಡು ನಿಂತಳು.