ಬೆಂಚಿನ ಮೇಲಿನ ಡಬ್ಬಿ

ಅಕ್ಕನ ಕುತ್ತಿಗೆಯ ಹಿಂದೆ ಬೆವರಿನ ಒಂದು ಹನಿ ಇಳಿಯುತ್ತಿದೆ, ರವಿಕೆಯ ಅಂಚಿಗೆ ಬಂದು ನಿಂತಿದೆ, ಅಂದರೆ ಅಕ್ಕ ಇಂದುವಿಗೂ ಹೆದರಿಕೆಯಾಗುತ್ತದೆ, ಪುಟ್ಟಲಕ್ಷ್ಮಿಗೆ ಅದನ್ನು ಕಂಡು ಹಿತವೆನಿಸಿತು, ಹಿತವೆನಿಸಿದ್ದಕ್ಕೆ ನಾಚಿಕೆಯೂ ಆಯಿತು — ಆದರೆ ಧ್ವನಿ ನಡುಗುವುದಿಲ್ಲ ನೋಡು, ಆಫೀಸಿನಲ್ಲಿ ದಿನವಿಡೀ ಫೋನೆತ್ತುವವಳ ಧ್ವನಿ, ಯಶವಂತಪುರದ ಈ ಕಾರ್ಮಿಕ ಪರಿಹಾರದ ಕಚೇರಿಯ ಫ್ಯಾನಿನ ಕಿರಕಿರವನ್ನೂ ಮೀರಿ ಕೇಳುತ್ತದೆ, ಅಧಿಕಾರಿ ತಲೆಯಾಡಿಸುತ್ತಾರೆ, ಟೈಪಿಸ್ಟು ಟಕಟಕ ಹೊಡೆಯುತ್ತಾನೆ. ತಾನು ಇಲ್ಲಿರಬಾರದು. ಬೀರುವಿನ ಮರೆಯಲ್ಲಿ ನಿಂತಿರುವ ತಾನು ಹೊರಗೆ ಬೆಂಚಿನ ಮೇಲಿರಬೇಕು, ವಕೀಲೆ ತರನ್ನುಮ್ ಮೇಡಂ ಬೆಳಿಗ್ಗೆಯೇ ಹೇಳಿದ್ದರು, ಒಬ್ಬರು ಸಾಕ್ಷಿ ಹೇಳೋವಾಗ ಇನ್ನೊಬ್ಬ ಸಾಕ್ಷಿ ಒಳಗಿರಬಾರ್ದು ಕಣಮ್ಮ, ಅದು ರೂಲ್ಸು, ಅಕ್ಕ ಆಸ್ಪತ್ರೆ ಕಾಗದದ್ದು ಹೇಳ್ತಾರೆ, ಕಲ್ಲುಕ್ವಾರಿದು ನೀನು, ಕೂಗೋವರ್ಗೂ ಏಳ್ಬೇಡ. ಎದ್ದಳು. ಅಪ್ಪನ ಊಟದ ಡಬ್ಬಿಯನ್ನು ಜಾಗ ಹಿಡಿಯಲೆಂದು ಬೆಂಚಿನ ಮೇಲಿಟ್ಟು ಬಂದಳು, ಅಕ್ಕ ಹೇಗೆ ಮಾತಾಡುತ್ತಾಳೆ ನೋಡಬೇಕಿತ್ತು, ಅಷ್ಟೇ, ಜನ ಅವಳ ಮಾತಿಗೆ ಹೇಗೆ ಕಿವಿ ಕೊಡುತ್ತಾರೆ ಅಂತ.

ನಮ್ಮ ತಂದೆ ಹನ್ನೊಂದು ವರ್ಷ ಬಂಡೆಗೆ ಡ್ರಿಲ್ ಹಿಡಿದಿದ್ದಾರೆ ಸರ್ — ಇದೇನು, ಇದು ಆಸ್ಪತ್ರೆ ಕಾಗದದ ಮಾತಲ್ಲವಲ್ಲ — ಮುಖಕ್ಕೆ ಕಟ್ಟಿಕೊಳ್ಳೋಕೆ ಒಂದು ಬಟ್ಟೆನೂ ಕೊಡಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಧೂಳು ಕೂತು ರೆಪ್ಪೆಕೂದಲೆಲ್ಲ ಬೆಳ್ಳಗಾಗಿರೋದು. ರೆಪ್ಪೆಕೂದಲು ತನ್ನದು. ಮೊನ್ನೆ ಮುದ್ದೆ ತಿರುವುತ್ತಾ ತಾನೇ ಹೇಳಿದ್ದು, ಅಕ್ಕ ಮೊಬೈಲ್ ನೋಡುತ್ತಾ ಹೂಂ ಹೂಂ ಎಂದವಳು, ಈಗ ತನ್ನ ಕಣ್ಣಿನಿಂದ ಕಿತ್ತುಕೊಂಡು ಅವರ ಮುಂದೆ ಇಡುತ್ತಿದ್ದಾಳೆ, ಅದೂ ಎಷ್ಟು ಚೆನ್ನಾಗಿ, ಅಧಿಕಾರಿ ಪೆನ್ನು ನಿಲ್ಲಿಸಿ ನೋಡುವಷ್ಟು ಚೆನ್ನಾಗಿ. ಅಮ್ಮ ತೀರಿಕೊಂಡ ವರ್ಷ, ಮನೇಲಿ ಯಾರಾದ್ರೂ ಒಬ್ಬರು ಇರಬೇಕು ಎಂದಾಗ ಅಪ್ಪ ಇಂದುವಿನ ಕಡೆ ನೋಡಲೇ ಇಲ್ಲ, ಎಂಟನೇ ಕ್ಲಾಸು ಬಿಟ್ಟು ಮಾಕಳಿ ದಾಟಿ ಕ್ವಾರಿಗೆ ಡಬ್ಬಿ ಹೊತ್ತವಳು ತಾನು, ಅಕ್ಕ ಹಾಸ್ಟೆಲಿನಲ್ಲಿದ್ದಳು, ರಜಕ್ಕೆ ಬಂದರೆ ಅಪ್ಪ ಅವಳಿಗೆಂದು ಬೆನ್ನು ತಿಕ್ಕಿಸಿಕೊಂಡು ಸ್ನಾನ ಮಾಡಿ ಬಿಳಿ ಶರ್ಟು ಹಾಕಿ ಕೂರುತ್ತಿದ್ದ, ಅವಳು ಕಂಡದ್ದು ಆ ಅಪ್ಪನನ್ನು. ಈಗ ಅಪ್ಪ ಮಲಗಿದರೆ ಉಸಿರು ಸಿಕ್ಕುವುದಿಲ್ಲ, ಆಕ್ಸಿಜನ್ ಸಿಲಿಂಡರಿನ ಪಕ್ಕ ಕೂತೇ ನಿದ್ದೆ, ಕ್ವಾರಿ ಮಾಲೀಕರು ಅಪ್ಪನ ಬಗ್ಗೆ ಅನ್ನುತ್ತಾರೆ, ಅಶ್ವತ್ಥಪ್ಪ ಗೇಟ್ ಕಾಯ್ತಿದ್ದ, ಧೂಳಿಗೂ ಅವನಿಗೂ ಏನ್ ಸಂಬಂಧ. ಅವರ ಕಡೆಯ ವಕೀಲ ಕಶ್ಯಪ್ ಎದ್ದ, ಬಲು ಮೆತ್ತಗೆ ಕೇಳಿದ, ರೆಪ್ಪೆ ಬೆಳ್ಳಗಾಗಿದ್ದು ನೀವೇ ಕಣ್ಣಾರೆ ನೋಡಿದ್ರಾ ಮೇಡಂ, ಹನಿ ರವಿಕೆಯೊಳಗೆ ಇಳಿದುಹೋಯಿತು, ನಮ್ಮ ಪುಟ್ಟಿ ಹೇಳಿದ್ಲು ಎಂದಳು ಅಕ್ಕ.

ಬೇರೆಯವರು ಹೇಳಿ ಕೇಳಿದ್ದು ಬೇಡ, ಅಷ್ಟನ್ನೂ ಹೊಡೆದುಹಾಕಿ, ತಂಗೀನೇ ಕರೀರಿ ಎಂದರು ಅಧಿಕಾರಿ. ಜವಾನ ಬಾಗಿಲಾಚೆ ತಲೆ ಹಾಕಿ ಪುಟ್ಟಲಕ್ಷ್ಮೀ ಎಂದು ಕೂಗುತ್ತಾನೆ, ಬಾಗಿಲಾಚೆ ಯಾರೂ ಏಳುವುದಿಲ್ಲ, ಬೀರುವಿನ ಮರೆಯಿಂದ ತಾನು ಒಂದು ಹೆಜ್ಜೆ ಮುಂದಿಡುತ್ತಾಳೆ, ತರನ್ನುಮ್ ಮೇಡಂ ಹಣೆಗೆ ಕೈ ಇಟ್ಟುಕೊಂಡರು. ಕಶ್ಯಪ್ ನಕ್ಕ, ಇಲ್ಲೇ ಇದ್ರಲ್ಲ ಸರ್ ಇವ್ರು, ಎಲ್ಲಾ ಕೇಳಿಸ್ಕೊಂಡಿದ್ದಾರೆ, ಅಕ್ಕ ಹೇಳಿದ್ದನ್ನೇ ಗಿಣಿ ಥರ ಒಪ್ಪಿಸ್ತಾರೆ. ಅಕ್ಕನ ಲಂಗ, ಅಕ್ಕನ ಹಳೇ ಬ್ಯಾಗು, ಈಗ ರೆಪ್ಪೆಕೂದಲೂ ಅಕ್ಕನ ಕಡೆಯಿಂದಲೇ ಬಂದದ್ದಾಯಿತು. ಅಧಿಕಾರಿಗೆ ಸಿಟ್ಟಿಲ್ಲ, ಬೇಸರ, ಬರ್ಕೊಳ್ತೀನಮ್ಮ, ಆದ್ರೆ ಒಳಗೇ ಇದ್ದೆ ಅನ್ನೋದನ್ನೂ ಬರೀತೀನಿ, ಅಕ್ಕ ಹೇಳಿದ್ದನ್ನೇ ಹೇಳಿದ್ರೆ ಅದಕ್ಕೆ ಬೆಲೆ ಬರಲ್ಲ, ಬೇರೆ ಏನಾದ್ರೂ ನೋಡಿದ್ರೆ ಹೇಳು. ಬೇರೆ. ಬೇರೆ ಏನಿದೆ, ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟಿದ್ದೇನೆ, ಮುದ್ದೆಯ ಜೊತೆ ಒಂದೊಂದಾಗಿ ಬಡಿಸಿಬಿಟ್ಟಿದ್ದೇನೆ — ಇಲ್ಲ, ಒಂದಿದೆ, ಒಂದನ್ನು ಹೇಳಲಿಲ್ಲ, ಇದಾದರೂ ನನಗಿರಲಿ ಎಂದು ಇಟ್ಟುಕೊಂಡದ್ದು, ಅಪ್ಪ ಡ್ರಿಲ್ಲಿನ ಪಕ್ಕದಲ್ಲೇ ಉಣ್ಣುವಾಗ ಅನ್ನದ ಮೇಲೆ ಧೂಳು ಕೂರದಂತೆ ತಾನು ವೇಲು ಬಿಚ್ಚಿ ಅವನ ತಲೆಗೂ ಡಬ್ಬಿಗೂ ಸೇರಿಸಿ ಗುಡಾರದ ಹಾಗೆ ಹಿಡಿಯುತ್ತಿದ್ದದ್ದು, ಒಳಗಿಂದ ಅಪ್ಪನ ಮಾತು, ಅಂಗೇ ಇಡ್ಕೊ ಮಗಾ, ಇನ್ನೆಲ್ಡು ತುತ್ತು, ಆ ಗುಡಾರದೊಳಗೆ ಅಕ್ಕ ಇರಲಿಲ್ಲ, ಹೇಳಿದರೆ ಅಕ್ಕನೂ ಒಳಗೆ ಬಂದುಬಿಡುತ್ತಾಳೆ, ಟೈಪಿಸ್ಟೂ ಕಶ್ಯಪ್ಪೂ ಬರುತ್ತಾರೆ, ಹೇಳದಿದ್ದರೆ ಅಪ್ಪ ಗೇಟು ಕಾದವನಾಗಿಯೇ ಉಳಿಯುತ್ತಾನೆ, ಹೇಳಮ್ಮ ಅನ್ನುತ್ತಿದ್ದಾರೆ, ಇಂದು ತಿರುಗಿ ನೋಡುತ್ತಿದ್ದಾಳೆ, ಅವಳ ಕಣ್ಣು ತುಂಬಿದೆ, ಅಳುವುದೂ ಅವಳಿಗೆ ಚೆನ್ನಾಗಿಯೇ ಬರುತ್ತದೆ, ಊಟ ಮಾಡೋವಾಗ ಎಂದಳು ಪುಟ್ಟಲಕ್ಷ್ಮಿ, ಊಟ ಮಾಡೋವಾಗ ನಾನು, ತೆರೆದ ಬಾಗಿಲಾಚೆ ಬೆಂಚು ಕಾಣುತ್ತದೆ, ಬೆಂಚಿನ ಮೇಲೆ ತಾನು ಕೂರಬೇಕಿದ್ದ ಜಾಗದಲ್ಲಿ, ಎಷ್ಟು ತಿಕ್ಕಿದರೂ ಹೋಗದ ಬಿಳಿ ಧೂಳು ಮುಚ್ಚಳದ ಸಂದಿಯಲ್ಲಿ ಹಾಗೇ ಇಟ್ಟುಕೊಂಡು, ಏಳದೆ, ಏನನ್ನೂ ಕೇಳಿಸಿಕೊಳ್ಳದೆ, ಕೂತಿದೆ ಡಬ್ಬಿ.